ಮಿಂಚಂಚೆ ಮನೆಗೆ ಬರಲಿ

ಮನೆಯ ಕಂಪ್ಯೂಟರಿಗೆ ಒಂದು ಒಳ್ಳೆಯ ಮೇಲ್ ತಂತ್ರಾಂಶ ಬೇಕೇ ಬೇಕು ಎಂಬುದು ನನ್ನ ಹಳೆಯ ವಾದ. ಬ್ರೌಸರ್ ತೆರೆದರೆ ಜಿಮೇಲ್ ಸಿಗುತ್ತದೆ, ಕೈಯಲ್ಲಿ ಫೋನ್ ಇದ್ದೇ ಇದೆ, ಮತ್ತೆ ಇನ್ನೊಂದೇಕೆ ಎಂದು ಕೇಳುವವರೇ ಹೆಚ್ಚು. ಕರೆಂಟ್ ಬಿಲ್ಲು, ರೈಲು ಟಿಕೆಟ್ಟು, ಬ್ಯಾಂಕಿನ ಸ್ಟೇಟ್‌ಮೆಂಟು ಇಷ್ಟೇ ನಿಮಗೆ ಬರುವ ಮೇಲ್ ಆಗಿದ್ದರೆ ಅವರ ಮಾತು ಸರಿ. ಆದರೆ ದೂರದ ಊರಿನಿಂದ ಮಗಳು ಬರೆದ ದೀರ್ಘ ಪತ್ರ, ಸಂಪಾದಕರ ಜೊತೆ ನಡೆದ ವಾಗ್ವಾದ, ಈಗ ನಮ್ಮೊಂದಿಗಿಲ್ಲದ ಗೆಳೆಯ ಕಳಿಸಿದ ಕವಿತೆಯ ಕರಡು ಕೂಡ ಅದೇ ರಾಶಿಯಲ್ಲಿವೆ. ಅವು ಇರುವುದು ನಮ್ಮ ಮನೆಯಲ್ಲಲ್ಲ, ಬೇರೆಯವರ ಸರ್ವರಿನಲ್ಲಿ, ಅವರ ನಿಯಮಕ್ಕೆ ಒಳಪಟ್ಟು.

ಆ ನಿಯಮಗಳನ್ನು ಒಮ್ಮೆ ಗಮನಿಸಿ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ ಜಾಗ. ಮೇಲ್, ಡ್ರೈವ್, ಫೋಟೊ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಒಳಗಿರುವುದೆಲ್ಲದರ ಸಮೇತ ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮನೆಯ ಹಿರಿಯರು ತೀರಿಕೊಂಡಾಗ ಅವರ ಬೀರು, ಡೈರಿ, ಫೋಟೊ ಆಲ್ಬಮ್ ಮನೆಯವರ ಕೈಗೆ ಬರುತ್ತವೆ. ಅವರ ಮೇಲ್ ಖಾತೆ ಮಾತ್ರ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ, ಗಡುವು ಮುಗಿಯುವುದನ್ನೇ ಕಾಯುತ್ತಿರುತ್ತದೆ. ಮನೆಯಲ್ಲೊಂದು ಪ್ರತಿ ಇದ್ದರೆ ಈ ನಷ್ಟ ತಪ್ಪುತ್ತದೆ.

ಮೊದಲು ಎಲ್ಲರೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದರು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಸಂಪರ್ಕ ಸಿಗುತ್ತಿದ್ದದ್ದು ಟೆಲಿಫೋನ್ ತಂತಿಯ ಮೂಲಕ. ಗಂಟೆಗಳ ಲೆಕ್ಕದ ಜೊತೆಗೆ ಫೋನ್ ಬಿಲ್ಲೂ ಏರುತ್ತಿತ್ತು. ಮೋಡೆಮ್ ಹಚ್ಚಿ, ಬಂದ ಪತ್ರಗಳನ್ನೆಲ್ಲ ಇಳಿಸಿಕೊಂಡು, ಕೂಡಲೇ ಸಂಪರ್ಕ ಕಡಿದು ನಿಧಾನವಾಗಿ ಓದಿ ಉತ್ತರ ಬರೆದಿಟ್ಟು ಮತ್ತೆ ಹಚ್ಚಿದಾಗ ಕಳಿಸುವುದೇ ಜಾಣತನ. ಯೂಡೋರಾ, ಔಟ್‌ಲುಕ್ ಎಕ್ಸ್‌ಪ್ರೆಸ್ ಅಂಥ ತಂತ್ರಾಂಶಗಳ ಕಾಲವದು. ಯೂಡೋರಾವನ್ನು 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದ ಸ್ಟೀವ್ ಡಾರ್ನರ್, ಅಂಚೆ ಕಚೇರಿಯಲ್ಲಿ ವಾಸ ಮಾಡುವ ಹೆಂಗಸಿನ ಕಥೆ ಬರೆದ ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರನ್ನೇ ಅದಕ್ಕಿಟ್ಟರು. ಸಾಹಿತ್ಯದ ಪ್ರೀತಿ ಇದ್ದವನು ಕಟ್ಟಿದ ತಂತ್ರಾಂಶ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಒಂದು ಗೌರವ. ಆಮೇಲೆ ಗಾಳಿ ತಿರುಗಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಜಾಗದೊಂದಿಗೆ ಬಂತು. ಯಾವ ಸೈಬರ್ ಕೆಫೆಯಲ್ಲಿ ಕೂತರೂ ನಮ್ಮ ಮೇಲ್ ಸಿಗುವ ಅನುಕೂಲ ದೊಡ್ಡದೇ. ಅದರ ಜೊತೆಗೆ ಪತ್ರಗಳನ್ನು ಮನೆಯಲ್ಲಿಟ್ಟುಕೊಳ್ಳುವ ಅಭ್ಯಾಸವೂ ಹೋಯಿತು.

ಈಗ ಯಾವುದನ್ನು ಹಾಕಿಕೊಳ್ಳಬೇಕು? ನನ್ನ ಆಯ್ಕೆ ಥಂಡರ್‌ಬರ್ಡ್. 2004ರ ಡಿಸೆಂಬರ್ 7ರಂದು ಅದರ 1.0 ಆವೃತ್ತಿ ಹೊರಬಂತು. 2012ರಲ್ಲಿ ಅದನ್ನು ರೂಪಿಸಿದ ಮೊಜಿಲ್ಲಾ ಸಂಸ್ಥೆಯೇ ಅದರ ಅಭಿವೃದ್ಧಿಯಿಂದ ಹಿಂದೆ ಸರಿದಾಗ, ಇನ್ನು ಮುಗಿಯಿತು ಎಂದವರಿದ್ದರು. ಬಳಸುವವರ ದೇಣಿಗೆ ಅದನ್ನು ಉಳಿಸಿತು. 2020ರಿಂದ ಮೊಜಿಲ್ಲಾ ಫೌಂಡೇಶನ್ನಿನ ಅಡಿಯಲ್ಲೇ ಬೇರೊಂದು ಕಂಪನಿ ಅದನ್ನು ನೋಡಿಕೊಳ್ಳುತ್ತಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಜೊತೆಗೇ ಬರುತ್ತಿದ್ದ ಪುಟ್ಟ ಮೇಲ್ ಆ್ಯಪ್‌ಗೆ 2024ರ ಕೊನೆಗೆ ಬೆಂಬಲ ನಿಂತಿತು. ಅದರ ಜಾಗಕ್ಕೆ ಬಂದ ಹೊಸ ಔಟ್‌ಲುಕ್ ನೋಡಲು ಚೆಂದವಿದೆ; ಆದರೆ ಜಿಮೇಲಿನಂಥ ಹೊರಗಿನ ಖಾತೆಯನ್ನು ಸೇರಿಸಿದರೆ ಅದು ನಿಮ್ಮ ಪತ್ರಗಳನ್ನು ಮೈಕ್ರೋಸಾಫ್ಟಿನ ಕ್ಲೌಡಿಗೂ ಹೊಂದಿಸಿಕೊಳ್ಳುತ್ತದೆ. ಪತ್ರ ಮನೆಗೆ ಬರಲಿ ಎಂದು ಹೊರಟವರಿಗೆ ಅದು ತಕ್ಕ ದಾರಿಯಲ್ಲ.

ಇನ್‌ಸ್ಟಾಲ್ ಮಾಡುವುದು ಸುಲಭ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಥಂಡರ್‌ಬರ್ಡ್ ಡಾಟ್ ನೆಟ್ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದ ಕೂಡಲೇ ನಿಮ್ಮ ಹೆಸರು, ಮೇಲ್ ವಿಳಾಸ ಕೇಳುತ್ತದೆ. ಹೆಸರಾಂತ ಸೇವೆಗಳ ಸರ್ವರ್ ವಿವರ ಅದಕ್ಕೇ ಗೊತ್ತು. ಜಿಮೇಲ್ ಆದರೆ ಗೂಗಲ್‌ನದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಬರಿಯ ಪಾಸ್‌ವರ್ಡಿನಿಂದ ಒಳಬರುವ ಹಳೆಯ ದಾರಿಯನ್ನು ವೈಯಕ್ತಿಕ ಖಾತೆಗಳಿಗೆ ಗೂಗಲ್ 2022ರ ಮೇ 30ರಿಂದ ಮುಚ್ಚಿತು. ಹಾಗಾಗಿ ಹಳೆಯ ತಂತ್ರಾಂಶದಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದು ತೋರಿಸುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸ್ವಂತ ಡೊಮೇನ್ ಇರುವವರು ವಿವರಗಳನ್ನು ಕೈಯಾರೆ ತುಂಬಬೇಕಾಗಬಹುದು: ಬರುವ ಮೇಲ್‌ಗೆ ಐಮ್ಯಾಪ್ ಆದರೆ ಪೋರ್ಟ್ 993, ಪಾಪ್ ಆದರೆ 995, ಹೋಗುವ ಮೇಲ್‌ಗೆ 465 ಅಥವಾ 587.

ಈ ಐಮ್ಯಾಪ್, ಪಾಪ್ ಎಂಬ ಎರಡು ಗುಂಡಿಗಳ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. ಪಾಪ್ ಹುಟ್ಟಿದ್ದು 1984ರಲ್ಲಿ. ಸರ್ವರಿನಲ್ಲಿ ಬಂದು ಬಿದ್ದ ಪತ್ರಗಳನ್ನು ಮನೆಗೆ ತರುವುದು, ಅಲ್ಲಿ ಖಾಲಿ ಮಾಡುವುದು ಅದರ ಮೂಲ ಸ್ವಭಾವ. ಪ್ರತಿಯನ್ನು ಸರ್ವರಿನಲ್ಲೇ ಬಿಡುವ ಆಯ್ಕೆಯಿದ್ದರೂ ಅದಕ್ಕೆ ಕಾಣುವುದು ಇನ್‌ಬಾಕ್ಸ್ ಒಂದೇ. ಫೋನಿನಿಂದ ನೀವು ಕಳಿಸಿದ ಉತ್ತರ ಸಾಮಾನ್ಯವಾಗಿ ಮನೆಯ ಕಂಪ್ಯೂಟರಿಗೆ ಬರುವುದಿಲ್ಲ. 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್‌ನಲ್ಲಿ ಪತ್ರದ ನೆಲೆ ಸರ್ವರೇ. ಫೋನು, ಆಫೀಸು, ಮನೆ ಎಲ್ಲ ಕಡೆಯೂ ಒಂದೇ ಚಿತ್ರ ಕಾಣುತ್ತದೆ. ಇಲ್ಲಿ ಓದಿದ್ದು ಅಲ್ಲಿಯೂ ಓದಿದಂತೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿದಂತೆ.

ಈ ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಐಮ್ಯಾಪ್‌ನಲ್ಲಿ ಖಾತೆ ಸೇರಿಸಿದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ಎಷ್ಟೋ ಜನ ನಂಬಿದ್ದಾರೆ. ಆಗಿರುವುದಿಲ್ಲ. ಸರ್ವರಿನಲ್ಲಿ ಪತ್ರ ಹೋದರೆ ಮುಂದಿನ ಸಲ ಹೊಂದಿಸಿಕೊಳ್ಳುವಾಗ ಮನೆಯದೂ ಹೋಗುತ್ತದೆ. ಹಾಗೆಂದು ಪಾಪ್‌ಗೆ ಮರಳುವುದೂ ಈ ಕಾಲಕ್ಕೆ ಆಗದ ಮಾತು, ಯಾಕೆಂದರೆ ಎಲ್ಲರ ಬಳಿ ಫೋನಿದೆ. ನನ್ನ ತೀರ್ಮಾನ ಇದು: ನಡೆಯುತ್ತಿರುವ ವ್ಯವಹಾರಕ್ಕೆ ಐಮ್ಯಾಪ್ ಇರಲಿ, ಉಳಿಯಬೇಕಾದ ಪತ್ರಗಳಿಗೆ 'ಲೋಕಲ್ ಫೋಲ್ಡರ್ಸ್' ಇರಲಿ.

ಥಂಡರ್‌ಬರ್ಡ್‌ನ ಎಡಬದಿಯ ಪಟ್ಟಿಯಲ್ಲಿ, ಖಾತೆಗಳ ಕೆಳಗೆ ಈ ಹೆಸರು ಕಾಣುತ್ತದೆ. ಅದನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದು ನನ್ನ ಕೊರಗು, ಇಡೀ ತಂತ್ರಾಂಶದಲ್ಲಿ ಅದಕ್ಕಿಂತ ಬೆಲೆಬಾಳುವ ಜಾಗ ಬೇರೆ ಇಲ್ಲ. ಅಲ್ಲಿಟ್ಟದ್ದಕ್ಕೆ ಯಾವ ಸರ್ವರಿನ ಹಂಗೂ ಇಲ್ಲ. ರೈಟ್ ಕ್ಲಿಕ್ ಮಾಡಿ ಹೊಸ ಫೋಲ್ಡರ್ ಮಾಡಿ. ಅಪ್ಪ, ಮನೆ ಕಟ್ಟಿದ್ದು, ಪುಸ್ತಕದ ಕೆಲಸ, ಹೀಗೆ ನಿಮ್ಮ ಬದುಕಿಗೆ ಒಪ್ಪುವ ಹೆಸರು ಕೊಡಿ. ಬೇಕಾದ ಪತ್ರಗಳನ್ನು ಆರಿಸಿ 'ಕಾಪಿ ಟು' ಎಂದು ಅಲ್ಲಿಗೆ ಕಳಿಸಿ. ಮೊದಲು ಪ್ರತಿ ಮಾಡುವುದು, ಲಗತ್ತುಗಳ ಸಮೇತ ನಾಲ್ಕಾರು ಪತ್ರ ತೆರೆದು ನೋಡುವುದು, ಆಮೇಲಷ್ಟೇ ಬೇಕಿದ್ದರೆ ಸರ್ವರಿನಿಂದ ತೆಗೆಯುವುದು. ಈ ಕ್ರಮ ಬಿಡಬಾರದು. ಜಿಮೇಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಒಂದೇ ಪತ್ರ ಇನ್‌ಬಾಕ್ಸಿನಲ್ಲೂ 'ಆಲ್ ಮೇಲ್'ನಲ್ಲೂ ಕಾಣುತ್ತದೆ. ಇನ್‌ಬಾಕ್ಸಿನಿಂದ ಮಾತ್ರ ತೆಗೆದರೆ ಅದು ಆಲ್ ಮೇಲ್‌ನಲ್ಲಿ ಉಳಿದುಬಿಡಬಹುದು, ಜಾಗ ಖಾಲಿಯಾಗುವುದಿಲ್ಲ. ಟ್ರ್ಯಾಶ್‌ಗೆ ಹೋದದ್ದು ಮಾತ್ರ 30 ದಿನದ ನಂತರ ನಿಜವಾಗಿ ಅಳಿಯುತ್ತದೆ.

ಜಾಗ ತಿನ್ನುವುದು ಲಗತ್ತುಗಳೇ ಹೊರತು ಪತ್ರಗಳಲ್ಲ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಆದರೂ ಇಡೀ ವರ್ಷದ ಪತ್ರವ್ಯವಹಾರ ಒಂದು ಫೋಟೊದಷ್ಟು ತೂಗುವುದಿಲ್ಲ. ಮೇಲ್‌ಗೆ ಲಗತ್ತಿಸಿದ ಕಡತವಾದರೋ ಅಕ್ಷರರೂಪಕ್ಕೆ ತಿರುಗುವಾಗ ಮೂರನೆಯ ಒಂದು ಪಾಲು ಹಿಗ್ಗುತ್ತದೆ. 9 ಎಂಬಿಯದು 12 ಎಂಬಿ ಆಗುತ್ತದೆ. ಪಟ್ಟಿಯಲ್ಲಿ 'ಸೈಜ್' ಎಂಬ ಅಂಕಣ ತೋರಿಸಿಕೊಂಡು ಅದರ ಮೇಲೆ ಒತ್ತಿದರೆ ಭಾರದವೆಲ್ಲ ಮೇಲೆ ಬಂದು ನಿಲ್ಲುತ್ತವೆ. ಯಾವುದನ್ನು ಇಳಿಸಬೇಕೆಂದು ಆಗ ತಾನೇ ತಿಳಿಯುತ್ತದೆ.

ಹೀಗೆ ಇಟ್ಟ ಪತ್ರಗಳು ಡಿಸ್ಕಿನಲ್ಲಿ ಯಾವ ರೂಪದಲ್ಲಿರುತ್ತವೆ ಎಂಬುದನ್ನು ತಿಳಿದರೆ ಧೈರ್ಯ ಬರುತ್ತದೆ. 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಿಂದ ಪ್ರೊಫೈಲ್ ಫೋಲ್ಡರನ್ನು ತೆರೆಯಬಹುದು. ಅಲ್ಲಿ ಒಂದೊಂದು ಫೋಲ್ಡರಿಗೂ ಸಾಮಾನ್ಯವಾಗಿ ಒಂದೊಂದು ಕಡತ. ಎಂಬಾಕ್ಸ್ ಎಂಬ ಬಹಳ ಹಳೆಯ ವಿಧಾನ. ಹಿಂದೆ ಮನೆಮನೆಯ ಗೋಡೆಗೆ ತೂಗುಹಾಕಿದ ಕೊಕ್ಕೆಯ ತಂತಿಗೆ ಬಂದ ಕಾಗದಗಳನ್ನು ಒಂದರ ಮೇಲೊಂದು ಚುಚ್ಚಿಡುತ್ತಿದ್ದ ಹಾಗೆ, ಇದರಲ್ಲೂ ಹೊಸ ಪತ್ರ ಹಿಂದಿನದರ ತುದಿಗೆ ಸೇರಿಕೊಳ್ಳುತ್ತದೆ. ಬರಿಯ ಅಕ್ಷರದ ಕಡತ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ನಾಳೆ ಥಂಡರ್‌ಬರ್ಡ್ ಇಲ್ಲದಿದ್ದರೂ ಇದನ್ನು ಓದಬಲ್ಲ ಬೇರೆ ತಂತ್ರಾಂಶಗಳು ಇರುತ್ತವೆ. ಪಕ್ಕದಲ್ಲಿರುವ ಎಂಎಸ್‌ಎಫ್ ಕಡತ ಬರೀ ಸೂಚಿ. ಕೆಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ನೀವು ಅಳಿಸಿದ ಪತ್ರ ಕೂಡಲೇ ಕಡತದಿಂದ ಹೋಗುವುದಿಲ್ಲ, ಗುರುತು ಮಾತ್ರ ಬೀಳುತ್ತದೆ; 'ಕಂಪ್ಯಾಕ್ಟ್' ಮಾಡಿದಾಗ ಇಡೀ ಕಡತ ಹೊಸದಾಗಿ ಬರೆಯಲ್ಪಡುತ್ತದೆ. ಅದು ನಡೆಯುವಾಗ ಕಂಪ್ಯೂಟರ್ ಆಫ್ ಮಾಡಬೇಡಿ. ಕರೆಂಟು ಹೋಗಿಬಂದು ಮಾಡುವ ಊರಿನವರು ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವವರು ಇನ್ನೂ ಎರಡು ಕೆಲಸ ಮಾಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನ ಭಾಷೆ ಮತ್ತು ರೂಪದ ಭಾಗದಲ್ಲಿ ಫಾಂಟುಗಳ 'ಅಡ್ವಾನ್ಸ್ಡ್' ಗುಂಡಿ ಒತ್ತಿ, ಪಟ್ಟಿಯಿಂದ ಕನ್ನಡವನ್ನೇ ಆರಿಸಿ, ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಕೊಟ್ಟು ಅಳತೆ ಎರಡು ಅಂಕಿ ಹೆಚ್ಚಿಸಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡು ಓದು ಹಗುರವಾಗುತ್ತದೆ. ಇನ್ನೊಂದು ಹುಡುಕಾಟದ್ದು. ನಮ್ಮ ನುಡಿಯಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಪೂರ್ತಿ ಪದ ಹೊಂದಲೇಬೇಕೆನ್ನುವ ಹುಡುಕಾಟ ಅರ್ಧ ಪತ್ರಗಳನ್ನು ಬಿಟ್ಟುಬಿಡುತ್ತದೆ. ಥಂಡರ್‌ಬರ್ಡ್‌ನ 'ಕ್ವಿಕ್ ಫಿಲ್ಟರ್' ಅಕ್ಷರಗಳ ಸರಣಿಯನ್ನು ನೋಡುತ್ತದೆ. 'ಮೈಸೂರ' ಎಂದಷ್ಟೇ ಬೆರಳಚ್ಚಿಸಿ: ಮೈಸೂರು, ಮೈಸೂರಿಗೆ, ಮೈಸೂರಿನಲ್ಲಿ ಎಲ್ಲವೂ ಬರುತ್ತವೆ. ಈ ಸುಖಕ್ಕಾಗಿಯಾದರೂ ಇದನ್ನು ಬಳಸಬೇಕು.

ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳ ಕಥೆ ಬೇರೆ. ಅವುಗಳೊಳಗೆ ಇರುವುದು ಕನ್ನಡದ ಸಂಕೇತಗಳಲ್ಲ, ಕನ್ನಡದಂತೆ ಕಾಣುವ ರೋಮನ್ ಸಂಕೇತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೀಚಿದಂತೆ ಕಾಣುತ್ತವೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಅಂಥವು ನಿಮ್ಮಲ್ಲಿದ್ದರೆ ಅವುಗಳನ್ನೇ ಮೊದಲು ಲೋಕಲ್ ಫೋಲ್ಡರಿಗೆ ತನ್ನಿ. ಪಠ್ಯವನ್ನು ಯೂನಿಕೋಡಿಗೆ ತಿರುಗಿಸಿಕೊಡುವ ಪರಿವರ್ತಕಗಳು ಉಚಿತವಾಗಿವೆ. ಮೂಲ ಪತ್ರದ ಪಕ್ಕದಲ್ಲೇ ಪರಿವರ್ತಿತ ಪ್ರತಿಯನ್ನೂ ಇಡಿ, ಮೂಲವನ್ನು ಅಳಿಸಬೇಡಿ. ತೊಂಬತ್ತರ ದಶಕದ ಕೊನೆ ಮತ್ತು ಎರಡು ಸಾವಿರದ ಮೊದಲ ವರ್ಷಗಳ ಕನ್ನಡ ಪತ್ರವ್ಯವಹಾರದ ದೊಡ್ಡ ಭಾಗ ಈ ರೂಪದಲ್ಲಿದೆ. ಲೇಖಕರ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮನೆಯ ಕಂಪ್ಯೂಟರ್ ಎಂದರೆ ನಾಲ್ಕು ಜನ ಮುಟ್ಟುವಂಥದ್ದು. ಥಂಡರ್‌ಬರ್ಡ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಇಡಬಹುದು. ಅದು ಕಾಯುವುದು ಉಳಿಸಿಟ್ಟ ಪಾಸ್‌ವರ್ಡುಗಳನ್ನೇ ಹೊರತು ಪತ್ರಗಳನ್ನಲ್ಲ. ಪತ್ರಗಳ ಕಡತ ಯಾರು ತೆರೆದರೂ ತೆರೆಯುತ್ತದೆ ಎಂದು ಮೇಲೆ ಹೇಳಿದೆ. ಒಬ್ಬೊಬ್ಬರಿಗೂ ವಿಂಡೋಸ್‌ನಲ್ಲಿ ಬೇರೆ ಲಾಗಿನ್ ಮಾಡಿಕೊಡುವುದೇ ಸರಿಯಾದ ವ್ಯವಸ್ಥೆ. ಅಪರಿಚಿತರ ಮೇಲ್‌ನೊಳಗಿನ ಚಿತ್ರಗಳನ್ನು ಥಂಡರ್‌ಬರ್ಡ್ ತಾನಾಗಿ ತರಿಸುವುದಿಲ್ಲ. ನೀವು ಪತ್ರ ತೆರೆದ ಸುದ್ದಿ ಕಳಿಸಿದವನಿಗೆ ತಲಪುವ ಒಂದು ದಾರಿ ಆ ಚಿತ್ರಗಳೇ. ಆ ತಡೆಯನ್ನು ಹಾಗೆಯೇ ಬಿಡಿ.

ಕೊನೆಯದಾಗಿ ಬ್ಯಾಕಪ್. ಪ್ರೊಫೈಲ್ 2 ಜಿಬಿಗಿಂತ ಚಿಕ್ಕದಿದ್ದರೆ 'ಟೂಲ್ಸ್' ಮೆನುವಿನ 'ಎಕ್ಸ್‌ಪೋರ್ಟ್' ಅದನ್ನು ಜಿಪ್ ಕಡತವಾಗಿ ಕಟ್ಟಿಕೊಡುತ್ತದೆ. ದೊಡ್ಡದಿದ್ದರೆ ಥಂಡರ್‌ಬರ್ಡ್ ಮುಚ್ಚಿ, ಇಡೀ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿ. ಆ ಡಿಸ್ಕ್ ಎಲ್ಲಿದೆ, ಅದರಲ್ಲೇನಿದೆ ಎಂದು ಮನೆಯ ಇನ್ನೊಬ್ಬರಿಗೂ ತೋರಿಸಿಡಿ. ಈ ಭಾನುವಾರ ಎಲ್ಲವನ್ನೂ ಮಾಡಲು ಪುರಸೊತ್ತಾಗದಿದ್ದರೆ, ಮನೆಯಲ್ಲಿ ಅತಿ ಹಿರಿಯರ ಖಾತೆಯೊಂದನ್ನಾದರೂ ಅವರ ಜೊತೆಯಲ್ಲೇ ಕೂತು ಸೇರಿಸಿ, ಅವರು ಬೇಕೆಂದ ಪತ್ರಗಳನ್ನು ಇಳಿಸಿಕೊಡಿ.