ಹಾಜರಿ ಪುಸ್ತಕ ಯಾರ ಬೀರುವಿನಲ್ಲಿದೆ?

ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವವನ ಕೈಯಲ್ಲಿ ನೇಮಕಾತಿ ಪತ್ರವಿದ್ದರೆ ಅದೇ ಒಂದು ಸುದ್ದಿ. ಹಾಜರಿ ಪುಸ್ತಕ ಮಾಲೀಕರ ಬೀರುವಿನಲ್ಲಿರುತ್ತದೆ. ಪಿಎಫ್ ಕಟ್ಟಿದ್ದರೂ ಎಷ್ಟೋ ಸಲ ಅದು ಕಾಂಟ್ರ್ಯಾಕ್ಟರ್ ಹೆಸರಿನಲ್ಲಿ. ‘ನಾಳೆಯಿಂದ ಬರಬೇಡ’ ಎನ್ನಿಸಿಕೊಂಡವನು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದರೆ ಎದುರಾಗುವ ಮೊದಲ ಸವಾಲು: ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದಕ್ಕೆ ಸಾಕ್ಷ್ಯವೇನು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ಮುಖ್ಯ ಉತ್ತರಗಳೂ ಕರ್ನಾಟಕದ ದಿನಗೂಲಿಗಳ ಮೊಕದ್ದಮೆಗಳಿಂದಲೇ ಬಂದಿವೆ. 2002ರ ಹಾದಿಮನಿ ತೀರ್ಪು ಅರಣ್ಯ ಇಲಾಖೆಗೆ ಸಂಬಂಧಿಸಿದ್ದು. ದುಡಿದೆ ಎಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕು, ಬರೀ ಅಫಿಡವಿಟ್ ಅವನ ಮಾತಷ್ಟೇ, ಸಂಬಳದ ರಸೀದಿಯೋ ನೇಮಕದ ಆದೇಶವೋ ಬೇಕು ಎಂದಿತು ಕೋರ್ಟ್. ತತ್ವದಲ್ಲಿ ಇದು ತಪ್ಪಲ್ಲ. ವಾದಿಸುವವನೇ ಸಾಬೀತು ಮಾಡಬೇಕೆಂಬುದು 1872ರ ಸಾಕ್ಷ್ಯ ಕಾಯ್ದೆಯ 101ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 104ನೇ ಕಲಮು. ಈ ನಿಯಮ ಇಲ್ಲದಿದ್ದರೆ ಗೇಟಿನ ಮುಂದೆ ಹಾದುಹೋದವರೆಲ್ಲ ಕಾರ್ಮಿಕರೇ ಆಗಿಬಿಡುತ್ತಿದ್ದರು. ಆದರೆ ರಸೀದಿಯನ್ನೇ ಕೊಡದ ವ್ಯವಸ್ಥೆಯಲ್ಲಿ ರಸೀದಿ ತಾ ಎನ್ನುವುದು, ಬಾವಿಯ ಹಗ್ಗ ಕಿತ್ತುಕೊಂಡು ನೀರು ಸೇದು ಎಂದಂತೆ.

2005ರ ಯೆಲ್ಲಟ್ಟಿ ತೀರ್ಪು ಇದನ್ನು ಸ್ವಲ್ಪ ಸಡಿಲಿಸಿತು. ಅಲ್ಲಿ ದಿನಗೂಲಿಯ ಬಳಿ ಇಲಾಖೆಯ ಅಧಿಕಾರಿಯೇ ಕೊಟ್ಟ ಕೆಲಸದ ಸರ್ಟಿಫಿಕೇಟ್ ಇತ್ತು; ಇಲಾಖೆ ಇಡೀ ಅವಧಿಯ ಮಸ್ಟರ್ ರೋಲ್ ಹಾಜರುಪಡಿಸಲಿಲ್ಲ. ಕಾರ್ಮಿಕ ಗೆದ್ದ. ಭಾರ ಅವನದೇ, ಆದರೆ ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ದಾಖಲೆ ತರಿಸುವಂತೆ ಕೇಳಿ ಆ ಭಾರ ಇಳಿಸಿಕೊಳ್ಳಬಹುದು ಎಂಬುದು ಈ ತೀರ್ಪಿನ ಸಾರ. ಒಳ್ಳೆಯ ತೀರ್ಪು. ಆದರೂ ಅದರೊಳಗೊಂದು ಮುಳ್ಳಿದೆ. ಮಾಲೀಕರು ದಾಖಲೆ ಬಚ್ಚಿಟ್ಟಿದ್ದಾರೆಂದು ಕಾರ್ಮಿಕ ತನ್ನ ಅರ್ಜಿಯಲ್ಲೇ ಹೇಳಿರದಿದ್ದರೆ, ಮಸ್ಟರ್ ರೋಲ್ ತಂದಿಲ್ಲವೆಂಬ ಒಂದೇ ಕಾರಣಕ್ಕೆ ಅವರ ವಿರುದ್ಧ ಊಹೆ ಮಾಡುವಂತಿಲ್ಲ. ಹೀಗಾಗಿ ಎಷ್ಟು ದಿನ ದುಡಿದನೆಂಬುದಕ್ಕಿಂತ ಅರ್ಜಿ ಬರೆದವರ ಜಾಣತನವೇ ದೊಡ್ಡದಾಗಿಬಿಡುತ್ತದೆ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ತಾನೇ ಸಾಬೀತು ಮಾಡಬೇಕೆಂಬ, ಹೊಸ ಸಾಕ್ಷ್ಯ ಅಧಿನಿಯಮದ 109ನೇ ಕಲಮು, ಕೈಯಲ್ಲಿರುವ ದಾಖಲೆ ತೋರಿಸದವನ ವಿರುದ್ಧ ಊಹೆಗೆ ಅವಕಾಶ ಕೊಡುವ 119ನೇ ಕಲಮು ಪುಸ್ತಕದಲ್ಲೇ ಇವೆ. ಅವುಗಳ ಹಿಂದಿನ ನ್ಯಾಯವನ್ನು ಇನ್ನಷ್ಟು ಧೈರ್ಯದಿಂದ ಬಳಸಬಹುದಿತ್ತು. ಕಾರ್ಮಿಕ ನ್ಯಾಯಾಲಯಗಳಿಗಂತೂ ಸಾಕ್ಷ್ಯ ಕಾಯ್ದೆಯ ಕಟ್ಟುಪಾಡು ಚಾಚೂ ತಪ್ಪದೆ ಅನ್ವಯಿಸುವುದೂ ಇಲ್ಲ.

ವೈಟ್‌ಫೀಲ್ಡಿನ ಎಂಜಿನಿಯರ್ ತನ್ನ ಪಾಡು ಬೇರೆ ಎಂದುಕೊಂಡಿರುತ್ತಾನೆ. ಒತ್ತಾಯದ ರಾಜೀನಾಮೆ ಬರೆಸಿಕೊಂಡ ಸಂಜೆಯೇ ಲ್ಯಾಪ್‌ಟಾಪ್ ವಾಪಸ್, ಮೇಲ್ ಬಂದ್. ಸಾಕ್ಷ್ಯವೆಲ್ಲ ಕಂಪನಿಯ ಸರ್ವರಿನಲ್ಲಿ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಹೊಸ ಅಧಿನಿಯಮದ 63ನೇ ಕಲಮು ಬೇಡುವ ಸರ್ಟಿಫಿಕೇಟಿಗೆ ಈಗ ಎರಡು ಭಾಗ: ಒಂದನ್ನು ಪಕ್ಷಗಾರ ತುಂಬಬೇಕು, ಇನ್ನೊಂದನ್ನು ತಜ್ಞ; ದಾಖಲೆಯ ಡಿಜಿಟಲ್ ಬೆರಳಚ್ಚಿನಂಥ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ತಿದ್ದಿದ ಸ್ಕ್ರೀನ್‌ಶಾಟುಗಳ ಕಾಲದಲ್ಲಿ ಈ ಎಚ್ಚರ ಬೇಕೇ ಬೇಕು. ಆದರೆ ಸಂಬಳ ನಿಂತವನು ತಜ್ಞನನ್ನು ಎಲ್ಲಿಂದ ತರಬೇಕು? ಸುಪ್ರೀಂ ಕೋರ್ಟಿನ 2020ರ ಅರ್ಜುನ್ ಪಂಡಿತರಾವ್ ತೀರ್ಪು ಹಳೆಯ ಕಾಯ್ದೆಯಡಿ ಎರಡು ದಾರಿ ತೋರಿಸಿತ್ತು. ಮೂಲ ಫೋನನ್ನೇ ಅದರ ಒಡೆಯ ಕೋರ್ಟಿಗೆ ತಂದು ಸಾಕ್ಷಿ ನುಡಿದರೆ ಸರ್ಟಿಫಿಕೇಟ್ ಬೇಡ. ಎದುರಾಳಿ ಸರ್ಟಿಫಿಕೇಟ್ ಕೊಡದಿದ್ದರೆ ಕೊಡಿಸುವಂತೆ ನ್ಯಾಯಾಧೀಶರನ್ನೇ ಕೇಳಬಹುದು. ಹೊಸ ಕಾಯ್ದೆ ಈ ಎರಡನ್ನೂ ಸ್ಪಷ್ಟ ಅಕ್ಷರಗಳಲ್ಲಿ ಬರೆದುಕೊಳ್ಳಬಹುದಿತ್ತು. ಬರೆದುಕೊಳ್ಳಲಿಲ್ಲ.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಅದು ಪೀಣ್ಯದ ಒಳರಸ್ತೆಗಳ ಶೆಡ್ಡುಗಳನ್ನು ಮುಟ್ಟುವವರೆಗೆ ಇಎಸ್‌ಐ ಕಾರ್ಡು, ಪಿಎಫ್ ಪಾಸ್‌ಬುಕ್ಕು, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಜೋಪಾನವಾಗಿಡಿ, ಮೇಸ್ತ್ರಿಯ ಮೆಸೇಜುಗಳಿರುವ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ. ದಾಖಲೆ ಬಚ್ಚಿಟ್ಟಿದ್ದಾರೆಂಬ ಸಾಲು ಅರ್ಜಿಯಲ್ಲಿದೆಯೇ, ಅದನ್ನು ತರಿಸಲು ಬೇರೆ ಅರ್ಜಿ ಹಾಕಿದ್ದೀರಾ ಎಂದು ವಕೀಲರನ್ನು ಮೊದಲ ಭೇಟಿಯಲ್ಲೇ ಕೇಳಿ.