ಎಎಂ ಇಲ್ಲದ್ದಕ್ಕೂ ರೇಡಿಯೋ ಅಂತಾರಾ?

ಅಪ್ಪನ ಮಾರುತಿ 800 ಇನ್ನೂ ಓಡ್ತದೆ. ಸತ್ತಿದ್ದು ಅದರ ರೇಡಿಯೋ. ಹೊಸದು ಹಾಕಿಸೋಣ ಅಂತ ಕಲಬುರಗಿಯ ಒಂದು ಅಂಗಡಿಗೆ ಹೋದರೆ ತೋರಿಸಿದ್ದೆಲ್ಲ ಏಳು ಇಂಚಿನ ಟಚ್ ಸ್ಕ್ರೀನ್. ಅಪ್ಪನದು ಒಂದೇ ಪ್ರಶ್ನೆ: "ಇದ್ರಾಗ ಆಕಾಶವಾಣಿ ಬರ್ತದೇನು?" ಅಂಗಡಿಯವ ನಕ್ಕ. "ಎಎಂ ಯಾರ್ ಕೇಳ್ತಾರ್ರಿ ಈಗ? ಬ್ಲೂಟೂತ್ ಅದ, ಯುಎಸ್‌ಬಿ ಅದ."

ಭಂಕೂರದಾಗ ಕೇಳ್ತಾರೆ. ಕಲಬುರಗಿ ಆಕಾಶವಾಣಿ ಶುರುವಾಗಿದ್ದು 1966ರಲ್ಲಿ. ನಮ್ಮ ಮನೆಯ ಡಬ್ಬಿಯ ಮುಳ್ಳು 1107 ಕಿಲೋಹರ್ಟ್ಸ್ ಬಿಟ್ಟು ಕದಲಿದ್ದೇ ಅಪರೂಪ. ಕದಲಿದರೆ ಧಾರವಾಡದ 765. ಎಫ್ಎಂ ಅಲೆ ಹೆಚ್ಚುಕಡಿಮೆ ನೇರ ನೋಟದ ದಾರಿಯಲ್ಲಿ ಹೋಗುತ್ತೆ, ದೂರ ಆದಂಗೆ ಕೈ ಕೊಡುತ್ತೆ. ಮಧ್ಯಮ ತರಂಗ ನೆಲ ಹಿಡಿದು ಬರುತ್ತೆ. ಸೇಡಂ ದಾಟಿ ಹೋಗೋನಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ಮೊದಲ ಜಗಳ ಅಳತೆದು. ಹಳೇ ಕಾರಿನ ಕಿಂಡಿ ಸಿಂಗಲ್ ಡಿನ್: 180 ಮಿಲಿಮೀಟರ್ ಅಗಲ, 50 ಎತ್ತರ. ಟಚ್ ಸ್ಕ್ರೀನಿಗೆ ಇದರ ಎರಡು ಪಟ್ಟು ಎತ್ತರ ಬೇಕು. "ಡ್ಯಾಶ್‌ಬೋರ್ಡ್ ಕೊರೀತೀವಿ" ಅಂದ. ರೇಡಿಯೋಕ್ಕಾಗಿ ಕಾರು ಕೊರೆಯೋದು ಯಾವ ನ್ಯಾಯ?

ಕಡೆಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಎಎಂ ಇರೋ ಸಿಂಗಲ್ ಡಿನ್ ಸಿಕ್ಕಿತು. ತಂದು ಕೂಡಿಸಿದರೆ ಅಂಕಿ 1100, ಆಮೇಲೆ 1110. ನಡುವಿನ 1107 ಮಂಗಮಾಯ! ಅಮೆರಿಕದಲ್ಲಿ ಎಎಂ ಸ್ಟೇಷನ್‌ಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ 9. ಬೆಂಗಳೂರಿನ 612, ಧಾರವಾಡದ 765, ನಮ್ಮ 1107, ಮೂರನ್ನೂ ಒಂಬತ್ತರಿಂದ ಭಾಗಿಸಿ ನೋಡಿ. ಸೆಟ್ಟಿಂಗ್ ಅಮೆರಿಕದ ಮೇಲಿತ್ತು, ಅಷ್ಟೇ. ಮೆನುವಿನ ಐದನೇ ಪದರದಲ್ಲಿ ಹೂತಿಟ್ಟಿದ್ದ 'ಏಷ್ಯಾ' ಹುಡುಕೋಕೆ ನನಗೇ ಅರ್ಧ ತಾಸು ಹಿಡೀತು. ದಿನವಿಡೀ ಇಂಥವೇ ಮೆನು ಬರೆಯೋನು ನಾನು, ಹೀಗಾಗಿ ನಾಚಿಕೆನೂ ಆಯ್ತು. ಅಪ್ಪ ಒಬ್ಬರೇ ಇದ್ದಿದ್ದರೆ "ಸ್ಟೇಷನ್ ಬಂದ್ ಆಗ್ಯಾದ" ಅಂದ್ಕೊಂಡು ಸುಮ್ಮನಾಗ್ತಿದ್ದರು. ಕೇಳೋರೇ ಇಲ್ಲ ಅನ್ನೋ ಲೆಕ್ಕ ಹೀಗೇ ತಯಾರಾಗೋದು.

ವೈರಿಂಗಿನಲ್ಲಿ ಒಂದೇ ಎಚ್ಚರ. ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ. ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಏಷ್ಯಾ ಮರೆತು ಮತ್ತೆ ಅಮೆರಿಕಕ್ಕೆ ಹೋಗಿರುತ್ತೆ.

ಈಗ 1107 ಚೊಕ್ಕ ಬರ್ತದೆ. ಕಾರಿನಾಗ ಮೊಬೈಲ್ ಚಾರ್ಜರ್ ಚುಚ್ಚಿದರೆ ಮಾತ್ರ ಗುಂಯ್ ಅನ್ನುತ್ತೆ. ಅಪ್ಪ ಅದನ್ನ ಕಿತ್ತು ನನ್ನ ಕೈಗೆ ಕೊಡ್ತಾರೆ.