ಒಂದು ಹೆಜ್ಜೆಗೆ ಸಾಕಾಗುವ ಬೆಳಕು

ದಾರಿ ಕಾಣದ ಹೊತ್ತಿನಲ್ಲಿ ಮನುಷ್ಯನು ದೇವರಲ್ಲಿ ಏನನ್ನು ಬೇಡಬೇಕು? ಕೆಲಸ ಅರಸಿ ಪರದೇಶಕ್ಕೆ ಹೊರಟವರು, ದೈವಕರೆಯನ್ನು ಪರೀಕ್ಷಿಸಿಕೊಳ್ಳುತ್ತಿರುವ ಯುವಜನರು, ರೋಗಿಯ ಹಾಸಿಗೆಯ ಬಳಿ ಕುಳಿತವರು ಸಾಮಾನ್ಯವಾಗಿ ಬೇಡುವುದು ಉತ್ತರವನ್ನು. ಮುಂದೇನಾಗುವುದೆಂದು ತಿಳಿದುಬಿಟ್ಟರೆ ಹೇಗೋ ನಡೆದೇವು ಎಂಬುದು ನಮ್ಮೆಲ್ಲರ ಹಂಬಲ. ಈ ಹಂಬಲವನ್ನು ಮೃದುವಾಗಿ ನಿರಾಕರಿಸುವ ಪ್ರಾರ್ಥನೆಯೊಂದು ಕನ್ನಡಿಗರ ನಾಲಿಗೆಯಲ್ಲಿ ಬಹುಕಾಲದಿಂದ ನೆಲೆಸಿದೆ. ಅದು ಬಿ.ಎಂ. ಶ್ರೀಕಂಠಯ್ಯನವರ ‘ಕರುಣಾಳು ಬಾ ಬೆಳಕೆ’. ಶಾಲೆಗಳಲ್ಲಿ, ಸಭೆಗಳಲ್ಲಿ, ಸಾವಿನ ಮನೆಗಳಲ್ಲಿ ಮತಭೇದವಿಲ್ಲದೆ ಹಾಡುವ ಈ ಗೀತೆಯನ್ನು ಅತಿಪರಿಚಯದ ಕಾರಣದಿಂದಲೇ ನಾವು ಗಮನವಿಟ್ಟು ಓದಿಲ್ಲವೇನೋ.

ಮೂಲ ಗೀತೆಯ ಕರ್ತೃ ಸಂತ ಜಾನ್ ಹೆನ್ರಿ ನ್ಯೂಮನ್. 1832ರ ಡಿಸೆಂಬರಿನಲ್ಲಿ ಸ್ನೇಹಿತ ಹರೆಲ್ ಫ್ರೂಡ್ ಮತ್ತು ಆತನ ತಂದೆಯೊಡನೆ ಮೆಡಿಟರೇನಿಯನ್ ಯಾತ್ರೆಗೆ ಹೊರಟ ಈ ಆಂಗ್ಲಿಕನ್ ಗುರು, ಅವರನ್ನು ರೋಮಿನಲ್ಲಿ ಬೀಳ್ಕೊಟ್ಟು ಒಬ್ಬರೇ ಸಿಸಿಲಿಗೆ ಮರಳಿದರು. 1833ರ ಮೇ ತಿಂಗಳಲ್ಲಿ ಅಲ್ಲಿ ವಿಷಮ ಜ್ವರಕ್ಕೆ ತುತ್ತಾಗಿ ಸಾವಿನ ಹೊಸ್ತಿಲನ್ನು ಮುಟ್ಟಿ ಬಂದರು. ಊರಿಗೆ ಮರಳುವ ತವಕವಿದ್ದರೂ ಪಲೆರ್ಮೊದಲ್ಲಿ ಸುಮಾರು ಮೂರು ವಾರ ಹಡಗಿಗಾಗಿ ಕಾಯಬೇಕಾಯಿತು. ಕೊನೆಗೆ ಕಿತ್ತಳೆಹಣ್ಣು ಸಾಗಿಸುವ ಹಡಗೊಂದು ಸಿಕ್ಕಿತು. ಅದೂ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ವಾರವಿಡೀ ನಿಂತುಹೋಯಿತು. ಜೂನ್ 16ರಂದು ಕಡಲ ಮೇಲೆಯೇ ಈ ಗೀತೆ ಹುಟ್ಟಿತು. ನ್ಯೂಮನ್ ತಮ್ಮ ಸಂಕಲನದಲ್ಲಿ ಇದಕ್ಕೆ ‘ಮೇಘಸ್ತಂಭ’ ಎಂಬರ್ಥದ ಹೆಸರಿತ್ತರು. ಇಸ್ರಯೇಲರನ್ನು ಮರಳುಗಾಡಿನಲ್ಲಿ ನಡೆಸಿದ ಆ ಸ್ತಂಭ ಇಡೀ ದಾರಿಯನ್ನು ಒಮ್ಮೆಲೇ ತೋರಿಸಲಿಲ್ಲ. ಅದು ಚಲಿಸಿದಾಗ ಜನರೂ ಚಲಿಸಿದರು, ನಿಂತಾಗ ನಿಂತರು. ಶೀರ್ಷಿಕೆಯಲ್ಲೇ ಗೀತೆಯ ಕೀಲಿಕೈ ಇದೆ.

ಕಥೋಲಿಕರಾದ ನಾವು ಇಲ್ಲಿ ಒಂದು ಎಚ್ಚರ ವಹಿಸಬೇಕು. ನ್ಯೂಮನ್ ಧರ್ಮಸಭೆಯನ್ನು ಸೇರಿದರೆಂಬುದನ್ನು ಬಲ್ಲ ನಾವು, ಗೀತೆಯ ‘ಮನೆ’ ಎಂದರೆ ರೋಮ್ ಎಂದೇ ಓದಿಬಿಡುತ್ತೇವೆ. 1833ರ ನ್ಯೂಮನ್‌ಗೆ ಅಂತಹ ಯೋಚನೆಯೇ ಇರಲಿಲ್ಲ. ರೋಮಿನ ಬಗ್ಗೆ ಅವರಲ್ಲಿದ್ದದ್ದು ಸಂಶಯ; ಮನಸ್ಸು ತುಡಿಯುತ್ತಿದ್ದದ್ದು ಇಂಗ್ಲೆಂಡಿನ ಕಡೆಗೆ, ಅಲ್ಲಿನ ಸಭೆಯ ಸುಧಾರಣೆಯ ಕಡೆಗೆ. ಅವರು ಡೊಮಿನಿಕ್ ಬಾರ್ಬೆರಿಯವರಿಂದ ಧರ್ಮಸಭೆಗೆ ಸ್ವೀಕೃತರಾದದ್ದು 1845ರ ಅಕ್ಟೋಬರ್ 9ರಂದು, ಗೀತೆ ಹುಟ್ಟಿ ಹನ್ನೆರಡು ವರ್ಷಗಳ ನಂತರ. ಗುರಿ ತಿಳಿದಿದ್ದವನ ಗೀತೆ ಎಂದು ಇದನ್ನು ಓದಿದರೆ ಪ್ರಾರ್ಥನೆಯ ಸತ್ವವೇ ಸೋರಿಹೋಗುತ್ತದೆ. ಬೇಡಿದವನಿಗೆ ತಾನು ಎಲ್ಲಿ ತಲುಪುವೆನೆಂಬುದು ಗೊತ್ತಿರಲಿಲ್ಲ. ಆತನ ಮೊರೆ ಪ್ರಾಮಾಣಿಕವಾಗಿರುವುದು ಆ ಕಾರಣಕ್ಕೇ.

ಈಗ ಕನ್ನಡಕ್ಕೆ ಬರೋಣ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಈ ರೂಪಾಂತರದಲ್ಲಿ ಶ್ರೀಯವರು ಎರಡು ಸೂಕ್ಷ್ಮ ಬದಲಾವಣೆಗಳನ್ನು ಮಾಡಿದ್ದಾರೆ. ಮೂಲದ ಮೊದಲ ಮಾತು ‘ನಡೆಸು’ ಎಂಬ ಬೇಡಿಕೆ. ಕನ್ನಡದಲ್ಲಿ ಅದಕ್ಕಿಂತ ಮುಂಚೆ ‘ಬಾ’ ಎಂಬ ಆಹ್ವಾನವಿದೆ. ನಡೆಸುವವನು ಮೊದಲು ಬಳಿಗೆ ಬರಬೇಕು. ಎರಡನೆಯದಾಗಿ, ಮೂಲದಲ್ಲಿಲ್ಲದ ಕೈಹಿಡಿಯುವ ಚಿತ್ರ ಕನ್ನಡದಲ್ಲಿ ಮೂಡಿದೆ. ಇಂಗ್ಲಿಷಿನ ಬೆಳಕು ಮುಂದೆ ನಡೆಯುತ್ತದೆ, ಕನ್ನಡದ ಬೆಳಕು ಜೊತೆಯಲ್ಲಿ ನಡೆಯುತ್ತದೆ. ಬೆಳಕಿಗೆ ಕೈ ಬಂದದ್ದು ತರ್ಕಕ್ಕೆ ವಿರುದ್ಧವೆನಿಸಬಹುದು. ಮನುಷ್ಯನಾಗಿ ಅವತರಿಸಿದ ದೇವರನ್ನು ನಂಬುವವರಿಗೆ ಅದು ವಿರುದ್ಧವಲ್ಲ. ಕ್ರೈಸ್ತರಲ್ಲದ ಕವಿಯೊಬ್ಬರು ಅರಿಯದೆಯೇ ಗೀತೆಯನ್ನು ಎಮ್ಮಾವುಸಿನ ದಾರಿಗೆ ಹತ್ತಿರ ತಂದಿದ್ದಾರೆ.

ಗೀತೆಯ ಮೇಲೆ ಆಕ್ಷೇಪಗಳಿಲ್ಲದಿಲ್ಲ. ಇದರಲ್ಲಿ ಕ್ರಿಸ್ತನ ಹೆಸರೇ ಇಲ್ಲ ಎಂಬುದು ಮೊದಲನೆಯದು. ಆ ಕೊರತೆಯನ್ನು ತುಂಬಲೆಂಬಂತೆ ಆಂಗ್ಲಿಕನ್ ಗುರು ಎಡ್ವರ್ಡ್ ಬಿಕರ್‌ಸ್ಟೆತ್ ರಕ್ಷಕನನ್ನು ಸಂಬೋಧಿಸುವ ನಾಲ್ಕನೆಯ ಚರಣವೊಂದನ್ನು ಸೇರಿಸಿದರು. ನ್ಯೂಮನ್‌ಗೆ ಅದು ಹಿಡಿಸಲಿಲ್ಲ. ಹಿಡಿಸದಿದ್ದದ್ದು ಸರಿಯೆಂದೇ ತೋರುತ್ತದೆ. ಕತ್ತಲಲ್ಲಿರುವವನಿಗೆ ಕೆಲವೊಮ್ಮೆ ಹೆಸರೂ ಬಾಯಿಗೆ ಬರುವುದಿಲ್ಲ, ಮೊರೆ ಮಾತ್ರ ಬರುತ್ತದೆ. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಲ್ಲಿ ಈ ಗೀತೆಗೆ ಸ್ಥಾನ ದೊರೆತದ್ದೂ ಈ ವಿಶಾಲತೆಯಿಂದಲೇ ಇರಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಒಂದು ಹೆಜ್ಜೆ ಸಾಕೆನ್ನುವುದು, ದಾರಿಯನ್ನು ತಾನೇ ಆರಿಸಿಕೊಳ್ಳಬಯಸಿದ್ದಕ್ಕೆ ಪರಿತಪಿಸುವುದು ಯೋಚನೆಯ ಹೊಣೆಯಿಂದ ನುಣುಚಿಕೊಂಡಂತಲ್ಲವೇ? ಗೀತೆಯನ್ನಷ್ಟೇ ಓದಿದರೆ ಹಾಗನ್ನಿಸುವ ಅಪಾಯವಿದೆ. ಅದು ಈ ರಚನೆಯ ಮಿತಿಯೂ ಹೌದು. ಗೀತೆಯಲ್ಲಿರುವವನು ಒಬ್ಬಂಟಿ, ಸಲಹೆ ಕೇಳಲು ಗೆಳೆಯನಿಲ್ಲ, ಸಭೆಯಿಲ್ಲ. ಈ ಮಿತಿಯನ್ನು ತುಂಬುವುದು ನ್ಯೂಮನ್‌ರ ಬದುಕು. ಮುಂದಿನ ಹನ್ನೆರಡು ವರ್ಷ ಅವರು ಬೆಳಕು ಬೀಳಲೆಂದು ಕೈಕಟ್ಟಿ ಕೂರಲಿಲ್ಲ. ಸಭಾಪಿತೃಗಳ ಗ್ರಂಥಗಳನ್ನು ಓದಿದರು, ಗೆಳೆಯರೊಡನೆ ಚರ್ಚಿಸಿದರು, ಲಿಟಲ್‌ಮೋರ್‌ನಲ್ಲಿ ಉಪವಾಸ ಪ್ರಾರ್ಥನೆಗಳಲ್ಲಿ ತೊಡಗಿದರು, ಧರ್ಮಸಿದ್ಧಾಂತದ ವಿಕಾಸವನ್ನು ಕುರಿತು ಗ್ರಂಥವನ್ನೇ ಬರೆದರು. ಕಂಡ ಹೆಜ್ಜೆಯನ್ನು ಇಟ್ಟಾಗ ಪ್ರೀತಿಯ ಆಕ್ಸ್‌ಫರ್ಡನ್ನೂ ಹಲವು ಗೆಳೆತನಗಳನ್ನೂ ಕಳೆದುಕೊಂಡರು. ಒಂದು ಹೆಜ್ಜೆಯ ಬೆಲೆ ಅಷ್ಟಿತ್ತು.

ಆದ್ದರಿಂದ, ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ವಾಕ್ಯದಲ್ಲಿ ಭವಿಷ್ಯ ಹುಡುಕುವವರಿಗೆ ಈ ಗೀತೆ ಆಸರೆಯಾಗದು. ಅದು ಕೇಳುವುದು ಶಕುನವನ್ನಲ್ಲ, ಸಾಂಗತ್ಯವನ್ನು. ಕೀರ್ತನೆಗಾರನು ದೈವವಾಕ್ಯವನ್ನು ಕಾಲಿಗೆ ದೀಪವೆಂದು ಕರೆದಾಗ ಅವನ ಮನಸ್ಸಿನಲ್ಲಿದ್ದದ್ದೂ ಹೆಜ್ಜೆಯ ಸುತ್ತ ಬೀಳುವ ಪುಟ್ಟ ಬೆಳಕೇ. ಸಿಮಿಂಟು ರಸ್ತೆ, ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ ಲಾಟೀನು ಹಿಡಿದು ಗದ್ದೆಯ ಬದುವಿನಲ್ಲಿ ನಡೆದವರಿಗೆ ಇದು ಗೊತ್ತು: ಲಾಟೀನು ಊರನ್ನು ತೋರಿಸದು, ಆದರೆ ನಡೆಯುತ್ತಾ ಹೋದರೆ ಊರು ಬರುತ್ತದೆ, ನಿಂತವನಿಗೆ ಬಾರದು.

2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್‌ರವರು ಕೇರಳದ ಮರಿಯಂ ಥ್ರೇಸಿಯಾ ಮೊದಲಾದವರೊಡನೆ ನ್ಯೂಮನ್‌ರನ್ನು ಸಂತರ ಸಾಲಿಗೆ ಸೇರಿಸಿದರು. 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೆಯ ಲಿಯೋರವರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಗಾಳಿಯಿಲ್ಲದ ಕಡಲಲ್ಲಿ ಊರಿಗಾಗಿ ಹಂಬಲಿಸುತ್ತಿದ್ದ ಮೂವತ್ತೆರಡರ ಯುವಕನಿಗೆ ಇದಾವುದೂ ಕಾಣುತ್ತಿರಲಿಲ್ಲ. ಕಾಣಲೆಂದು ಅವನು ಬೇಡಲೂ ಇಲ್ಲ. ಮುಂದಿನ ಸಲ ಆ ಗೀತೆಯನ್ನು ಹಾಡುವಾಗ ನಾವು ನಿಜವಾಗಿ ಬೇಡುತ್ತಿರುವುದು ನಕ್ಷೆಯನ್ನೋ, ನಡೆಸುವವನನ್ನೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.